ಇಳಿಯದ ವೃಷಣವೂ ಹಾರ್ಮೋನು ಚಿಕಿತ್ಸೆಯೂ

ಗಂಡುಮಗು ಹುಟ್ಟಿತೆಂದರೆ ನಾವು ಸಕ್ಕರೆ ಹಂಚುತ್ತೇವೆ. ಗಳಿಗೆ ತಪ್ಪದಂತೆ ಜನನಕಾಲವನ್ನು ಗುರುತಿಟ್ಟು ಜಾತಕ ಬರೆಯಿಸುತ್ತೇವೆ. ಆದರೆ ಎಣ್ಣೆನೀರು ಹಾಕುವಾಗ ಮಗುವಿನ ವೃಷಣಕೋಶದಲ್ಲಿ ಎರಡು ಬೀಜಗಳೂ ಕೈಗೆ ತಗಲುತ್ತವೆಯೆ ಎಂಬುದನ್ನು ಗಮನಿಸುವವರು ನಮ್ಮಲ್ಲಿ ವಿರಳ. ಗಮನಿಸಿದವರೂ ಸಂಕೋಚದಿಂದ ಸುಮ್ಮನಾಗುವುದುಂಟು. ಆ ಸಂಕೋಚದ ದಂಡವನ್ನು ಮುಂದೆ ತೆರುವುದು ಮಗು. ಆದುದರಿಂದ ಅದನ್ನು ಬದಿಗಿಟ್ಟು ವಿಷಯವನ್ನು ವಿಚಾರಮಾಡೋಣ.

ಗರ್ಭದಲ್ಲಿ ವೃಷಣಗಳು ಮೂಡುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ. ಅಲ್ಲಿಂದ ಅವು ಮೆಲ್ಲಮೆಲ್ಲನೆ ಇಳಿದು, ತೊಡೆಸಂದಿನ ಮಾರ್ಗವಾಗಿ ಕೋಶವನ್ನು ಸೇರಬೇಕು. ದಿನತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಈ ಪ್ರಯಾಣ ಮುಗಿದಿರುವುದಿಲ್ಲ. ದಿನತುಂಬದ ಶಿಶುಗಳಲ್ಲಿ ಇದು ಇನ್ನೂ ಹೆಚ್ಚು. ಬಹುಮಟ್ಟಿಗೆ ಮೊದಲ ಕೆಲವು ತಿಂಗಳಲ್ಲಿ ವೃಷಣವು ತಾನಾಗಿಯೇ ಇಳಿಯುತ್ತದೆ. 6 ತಿಂಗಳು ಕಳೆದಮೇಲೆ ಆ ಆಶೆ ಅತ್ಯಲ್ಪ. ಕೋಶವು ದೇಹದ ಒಳಭಾಗಕ್ಕಿಂತ 2ರಿಂದ 4 ಸೆಂಟಿಗ್ರೇಡು ಡಿಗ್ರಿಗಳಷ್ಟು ತಂಪು. ಆ ತಂಪು ದೊರೆಯದಿದ್ದರೆ ಸಂತಾನಕ್ಕೆ ಆಧಾರವಾದ ಕಣಗಳು ಕಾಲಕ್ರಮದಲ್ಲಿ ನಶಿಸುತ್ತವೆ. ಪ್ರಾಯದಲ್ಲಿ ಕ್ಯಾನ್ಸರಿನ ಭಯವೂ ಹೆಚ್ಚುತ್ತದೆ.

ಕತ್ತಿಯಿಲ್ಲದೆ ಮದ್ದಿನಿಂದಲೇ ಇದನ್ನು ಇಳಿಸಬಾರದೆ ಎಂಬ ಆಶೆ ಹೆತ್ತವರಿಗೆ ಸಹಜ. 1927ರಲ್ಲಿ ಆಶೈಮ್ ಮತ್ತು ಜೋಂಡೆಕ್ ಎಂಬ ಬರ್ಲಿನಿನ ವೈದ್ಯರು ಗರ್ಭಿಣಿಯರ ಮೂತ್ರದಲ್ಲಿ ಜನನಗ್ರಂಥಿಗಳನ್ನು ಪ್ರಚೋದಿಸುವ ರಸವನ್ನು ಕಂಡರು. ಮುಂದಿನ ದಶಕದಲ್ಲಿ ಆ ಹಾರ್ಮೋನನ್ನು ಇಂತಹ ಬಾಲಕರಿಗೆ ಚುಚ್ಚಿ ಕೊಡುವ ಪದ್ಧತಿ ಬಂದಿತು. 1970ರ ದಶಕದಲ್ಲಿ, ಮಿದುಳಿನ ಪ್ರೇರಕ ಹಾರ್ಮೋನನ್ನು ಮೂಗಿನಲ್ಲಿ ಸಿಂಪಡಿಸುವ ಕ್ರಮವೂ ಬಳಕೆಗೆ ಬಂದಿತು.

ಫಲವೇನು? ಸುಮಾರು ಐವರಲ್ಲಿ ಒಬ್ಬನಿಗೆ ಮಾತ್ರ ಗುಣ. ಇಳಿದವುಗಳಲ್ಲಿಯೂ ಕೆಲವು ಮತ್ತೆ ಮೇಲೇರುತ್ತವೆ. ಚಳಿಗೋ ಅಂಜಿಕೆಗೋ ಮೇಲೆ ಸರಿದು, ಬಿಸಿನೀರಿನಲ್ಲಿ ತಾನೇ ಕೆಳಗಿಳಿಯುವ ವೃಷಣಗಳನ್ನೂ ಹಿಂದಿನ ಲೆಕ್ಕಗಳಲ್ಲಿ ಸೇರಿಸಿದ್ದುದರಿಂದ ಮದ್ದಿನ ಕೀರ್ತಿ ಹಿಗ್ಗಿತ್ತು. ಅಂತಹವಕ್ಕೆ ಮದ್ದು ಬೇಡ. ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. 2007ರಲ್ಲಿ ಉತ್ತರ ಯೂರೋಪಿನ ತಜ್ಞರೂ, 2014ರಲ್ಲಿ ಅಮೆರಿಕದ ಮೂತ್ರಾಂಗವೈದ್ಯರ ಸಂಘವೂ ವೃಷಣವನ್ನಿಳಿಸಲು ಹಾರ್ಮೋನು ಕೊಡಬಾರದೆಂದೇ ಅಭಿಪ್ರಾಯಪಟ್ಟವು.

ಹಾಗಾದರೆ ದಾರಿ ಶಸ್ತ್ರಚಿಕಿತ್ಸೆ. ತೊಡೆಸಂದಿನಲ್ಲಿ ವೃಷಣವು ಕೈಗೆ ಸಿಕ್ಕುವಂತಿದ್ದರೆ ಅಲ್ಲಿ ಚಿಕ್ಕ ಗಾಯಮಾಡಿ, ಅದನ್ನು ಕೆಳತಂದು ಕೋಶದಲ್ಲಿ ನಿಲ್ಲಿಸುತ್ತಾರೆ. ಅನೇಕ ಮಕ್ಕಳು ಅದೇ ದಿನ ಮನೆಗೆ ಮರಳುತ್ತಾರೆ. ಇದಕ್ಕೆ ತಕ್ಕ ಕಾಲ 6ರಿಂದ 18 ತಿಂಗಳೊಳಗೆ. ಇದರಿಂದ ಕ್ಯಾನ್ಸರಿನ ಭಯ ಪೂರ್ತಿಯಾಗಿ ಅಳಿಯದಿದ್ದರೂ ತಗ್ಗುತ್ತದೆ. ಹುಟ್ಟಿದಾಗಲೇ ಎರಡೂ ಕೈಗೆ ಸಿಕ್ಕದಿದ್ದರಂತೂ ಒಂದು ದಿನವನ್ನೂ ಕಳೆಯದೆ ವೈದ್ಯರಿಗೆ ತೋರಿಸತಕ್ಕದ್ದು.

“ದೊಡ್ಡವನಾದರೆ ಸರಿಹೋಗುತ್ತದೆ” ಎಂಬ ಹಿರಿಯರ ಮಾತು ಎಷ್ಟೋ ವಿಷಯಗಳಲ್ಲಿ ನಮಗೆ ಧೈರ್ಯ ಕೊಟ್ಟಿದೆ. ಈ ಒಂದು ವಿಷಯದಲ್ಲಿ ಮಾತ್ರ ನಾವು ಅದನ್ನು ನಂಬಿ ಕೂರಲಾಗದು. ಇಲ್ಲಿ ಕಾಲವನ್ನು ಎಣಿಸಬೇಕಾದುದು ವರ್ಷಗಳಿಂದಲ್ಲ, ತಿಂಗಳುಗಳಿಂದ.