ಆತ್ಮರಕ್ಷಣೆಗೆ ಎಷ್ಟು ಗುಂಡು ಬೇಕು?



ಈ ಸಾಯಂಕಾಲ ನಾವು ತಮ್ಮ ಮುಂದೆ ಇಡಲಿರುವ ವಿಷಯವು ಕೊಂಚ ವಿಲಕ್ಷಣವಾಗಿ ತೋರಬಹುದು. ಕಾಲೇಜಿನಲ್ಲಿ ಪಾಠ ಹೇಳುವವರಿಗೂ ಮದ್ದುಗುಂಡಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧವನ್ನು ನಾವಾಗಿ ಹುಡುಕಿಕೊಂಡು ಹೋದುದಲ್ಲ. ಅದೇ ನಮ್ಮ ಮನೆಯ ಜಗಲಿಗೆ ಬಂದು ಕುಳಿತುದು.

ನಮ್ಮ ಅಕ್ಕನ ಯಜಮಾನರು ಯಶವಂತಪುರದ ಮಾರುಕಟ್ಟೆಯ ಅಂಗಳದಲ್ಲಿ ದಿನಸಿ ಮಂಡಿ ಇಟ್ಟಿರುವವರು, ಮನೆ ಯಲಹಂಕದಲ್ಲಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಮನೆ ಬಿಟ್ಟು, ಹೆಬ್ಬಾಳವನ್ನು ಹಾದು, ಹೊರವರ್ತುಲ ರಸ್ತೆಯಲ್ಲಿ ಮಂಡಿಗೆ ಹೋಗುವುದು ಅವರ ಇಪ್ಪತ್ತು ವರ್ಷದ ರೂಢಿ. ಕೆಲವು ಕಾಲದ ಹಿಂದೆ ಅವರ ಪರಿಚಯದ ವ್ಯಾಪಾರಿಯೊಬ್ಬರನ್ನು ನಸುಕಿನಲ್ಲಿ ಅಡ್ಡಗಟ್ಟಿ ಹಣದ ಚೀಲವನ್ನು ಕಸಿದರು. ಅಂದಿನಿಂದ ಭಾವನವರಿಗೆ ನಿದ್ದೆ ಕಡಮೆಯಾಯಿತು. ಅರ್ಜಿ ಹಾಕಿ, ಪೋಲೀಸಿನವರ ವಿಚಾರಣೆಗೆ ಒಳಪಟ್ಟು, ತರಬೇತಿಯ ಪ್ರಮಾಣಪತ್ರವನ್ನು ಪಡೆದು, ಕೊನೆಗೆ ಆರು ಗುಂಡಿನ .32 ರಿವಾಲ್ವರೊಂದನ್ನು ತಂದರು. ತಂದ ದಿನವೇ ನಮ್ಮಲ್ಲಿಗೆ ಬಂದು ಕೇಳಿದರು:

"ನೀನು ನಾಲ್ಕಕ್ಷರ ಓದಿದವನು, ಒಂದು ಮಾತು ಹೇಳಪ್ಪ. ಒಳಗೆ ಆರು ಇರುತ್ತೆ. ಅದರ ಮೇಲೆ ಎಷ್ಟು ಇಟ್ಟುಕೊಂಡು ಓಡಾಡಲಿ? ಆರೋ, ಹನ್ನೆರಡೋ, ಇಪ್ಪತ್ತೈದೋ?"

"ಯೋಚನೆ ಮಾಡಿ ಹೇಳುತ್ತೇನೆ ಭಾವ" ಎಂದೆವು. ಈ ಭಾಷಣವು ಆ ಯೋಚನೆಯ ಫಲ.

ಮೊದಲು ಕಾಯಿದೆಯ ಮಾತು. ನಮ್ಮ ದೇಶದಲ್ಲಿ ಬಂದೂಕನ್ನು ಇಟ್ಟುಕೊಳ್ಳುವುದು ಪ್ರಜೆಯ ಹುಟ್ಟುಹಕ್ಕಲ್ಲ. 1959ರ ಆಯುಧಗಳ ಅಧಿನಿಯಮದ ಮೇರೆಗೆ ಸರ್ಕಾರದವರು ಕೊಡುವ ಅನುಮತಿ. ಬೆಂಗಳೂರು ನಗರದಲ್ಲಿ ಅದನ್ನು ಕೊಡತಕ್ಕವರು ಪೋಲೀಸ್ ಕಮಿಷನರವರು. ಆಯುಧದ ವಿವರದೊಡನೆ, ಒಂದು ಸಲಕ್ಕೆ ಎಷ್ಟು ಗುಂಡು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದೂ ಲೈಸೆನ್ಸಿನಲ್ಲಿಯೇ ಬರೆದಿರುತ್ತದೆ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿಯಿತು. ಅದೇ ತಿದ್ದುಪಡಿಯು, ಮದುವೆ ಮೆರವಣಿಗೆಗಳ ಸಂಭ್ರಮದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರಿಗೆ ಅಪಾಯ ತರುವುದನ್ನು ಶಿಕ್ಷಾರ್ಹವಾದ ಅಪರಾಧವಾಗಿ ಮಾಡಿತು. ಹೀಗೆ ಮೇಲಿನ ಮಿತಿಯನ್ನು ಸರ್ಕಾರದವರೇ ಹಾಕಿದ್ದಾರೆ. ಆದರೆ ಲೈಸೆನ್ಸಿನಲ್ಲಿ ಬರೆದಿರುವುದು ಇರಬಹುದಾದ ಗುಂಡಿನ ಲೆಕ್ಕವೇ ಹೊರತು, ಇರಬೇಕಾದ ಗುಂಡಿನ ಲೆಕ್ಕವಲ್ಲ. ಆ ಎರಡನೆಯ ಲೆಕ್ಕವನ್ನು ಮಾಡಬೇಕಾದವನು ಗೃಹಸ್ಥನೇ.

ಹೆಚ್ಚು ಗುಂಡು ಬೇಕೆನ್ನುವವರ ಪಕ್ಷವನ್ನು ನಾವು ಹಗುರವಾಗಿ ಕಾಣಬಾರದು. ಅವರು ಎತ್ತಿ ತೋರಿಸುವ ಪ್ರಸಿದ್ಧವಾದ ಉದಾಹರಣೆಯೊಂದು ಅಮೆರಿಕದ್ದು. 1986ರ ಏಪ್ರಿಲ್ 11ರಂದು ಮಯಾಮಿ ಪಟ್ಟಣದ ಬಳಿ ಆ ದೇಶದ ಕೇಂದ್ರ ತನಿಖಾ ಸಂಸ್ಥೆಯ ಎಂಟು ಮಂದಿ ಅಧಿಕಾರಿಗಳು ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಮಿಕ್ಕಿ ಗುಂಡುಗಳು ಹಾರಿದುವು. ಇಬ್ಬರು ಅಧಿಕಾರಿಗಳು ಮಡಿದರು, ಐವರು ಗಾಯಗೊಂಡರು, ದರೋಡೆಕೋರರಿಬ್ಬರೂ ಸತ್ತರು. ಗಾಯಗೊಂಡ ಕೈಯಲ್ಲಿ ರಿವಾಲ್ವರಿಗೆ ಮತ್ತೆ ಗುಂಡು ತುಂಬುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಮುಂದೆ ಅಲ್ಲಿಯ ಪೋಲೀಸಿನವರು ಆರು ಗುಂಡಿನ ರಿವಾಲ್ವರನ್ನು ಬಿಟ್ಟು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲುಗಳ ಕಡೆಗೆ ತಿರುಗಿದುದಕ್ಕೆ ಈ ಪ್ರಸಂಗವೂ ಒಂದು ಕಾರಣ. ಗುಂಡು ಹೆಚ್ಚಾಯಿತೆಂದು ಸತ್ತವರಿಲ್ಲ, ಸಾಲದೆ ಸತ್ತವರುಂಟು ಎಂಬುದು ಈ ಪಕ್ಷದವರ ವಾದ.

ವಾದವು ಬಲವಾದದ್ದೇ. ಆದರೆ ಅದರಲ್ಲಿ ಒಂದು ತೊಡಕುಂಟು. ಆ ಅಧಿಕಾರಿಗಳು ಕಳ್ಳರನ್ನು ಬೆನ್ನಟ್ಟಿ ಹೋದವರು; ಹಿಡಿಯುವುದು ಅವರ ಧರ್ಮ, ಹಿಂದೆಗೆಯುವಂತಿಲ್ಲ. ನಮ್ಮ ಭಾವನವರ ಧರ್ಮವಾದರೋ ಬೇರೆ. ಅವರು ಯಾರನ್ನೂ ಹಿಡಿಯಬೇಕಾಗಿಲ್ಲ. ಕ್ಷೇಮವಾಗಿ ಮನೆ ಸೇರಿದರೆ ಸಾಕು. ಅವರಿಗೆ ಬೇಕಾದುದು ಆಪತ್ತಿನಿಂದ ತಪ್ಪಿಸಿಕೊಳ್ಳುವುದಕ್ಕೆ ಬೇಕಾದಷ್ಟು ಕಾಲವೇ ಹೊರತು ಕಾಳಗದಲ್ಲಿ ಜಯವಲ್ಲ. ಸಿಪಾಯಿಯ ಲೆಕ್ಕವನ್ನು ಗೃಹಸ್ಥನು ತನ್ನ ಲೆಕ್ಕವೆಂದು ಭಾವಿಸುವುದರಿಂದಲೇ ಜೇಬು ಭಾರವಾಗುವುದು.

ನ್ಯಾಯಶಾಸ್ತ್ರವೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಪ್ರಕರಣಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಹಳೆಯ ದಂಡಸಂಹಿತೆಯಲ್ಲಿಯೂ ಇದೇ ತತ್ತ್ವವಿದ್ದಿತು. ಪ್ರಾಣಕ್ಕೆ ಅಪಾಯವೆಂದು ನ್ಯಾಯವಾಗಿ ಹೆದರತಕ್ಕ ಸಂದರ್ಭದಲ್ಲಿ ಎದುರಾಳಿಯ ಪ್ರಾಣವನ್ನೇ ತೆಗೆದರೂ ಅಪರಾಧವಲ್ಲ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡಕೂಡದು. ಅಧಿಕಾರಿಗಳ ಸಹಾಯವನ್ನು ಪಡೆಯುವಷ್ಟು ಕಾಲಾವಕಾಶವಿದ್ದಾಗ ಈ ಹಕ್ಕು ಇಲ್ಲ. ಮೊದಲನೆಯ ಗುಂಡಿಗೆ ಓಡಿಹೋಗುತ್ತಿರುವವನ ಬೆನ್ನಿಗೆ ಎರಡನೆಯ ಗುಂಡನ್ನು ಹೊಡೆದರೆ, ಅದು ರಕ್ಷಣೆಯೆಂದು ನ್ಯಾಯಾಧೀಶರನ್ನು ಒಪ್ಪಿಸುವುದು ಸುಲಭವಲ್ಲ. ಹೀಗೆ ಹಾರಿದ ಪ್ರತಿಯೊಂದು ಗುಂಡಿಗೂ ಬೇರೆ ಬೇರೆಯಾಗಿ ಸಮಾಧಾನ ಹೇಳಬೇಕಾಗುತ್ತದೆ.

ಇನ್ನು ನಮ್ಮ ಊರಿನ ಸ್ಥಿತಿಯನ್ನು ನೋಡೋಣ. ರವೀಂದ್ರರ ಹೆಸರಿನ ಆರ್. ಟಿ. ನಗರದ ಗಲ್ಲಿಗಳಲ್ಲಿ ಒಂದು ಮನೆಯ ಕಿಟಕಿಗೂ ಎದುರುಮನೆಯ ಕಿಟಕಿಗೂ ಇರುವ ದೂರವೆಷ್ಟು? ಯಶವಂತಪುರದ ರೈಲು ನಿಲ್ದಾಣದ ಮುಂದೆ ನಸುಕಿನಲ್ಲಿಯೂ ಜನಸಂದಣಿ. ಗುರಿ ತಪ್ಪಿದ ಗುಂಡು ಅಲ್ಲಿಯೇ ಬೀಳುವುದಿಲ್ಲ. ನೂರಾರು ಗಜ ಹೋಗಬಲ್ಲದು. ಗುಂಡು ಜೇಬಿನಲ್ಲಿ ಹೆಚ್ಚಿದ್ದಷ್ಟೂ ಗುರಿಯ ವಿಷಯದಲ್ಲಿ ಉದಾಸೀನ ಹೆಚ್ಚುವುದು ಮನುಷ್ಯ ಸ್ವಭಾವ. ಪ್ರಾಣಭಯವಿದ್ದು, ನಿರಪರಾಧಿಗೆ ಅಪಾಯವಾಗದಂತೆ ತನ್ನನ್ನು ರಕ್ಷಿಸಿಕೊಳ್ಳುವುದು ಸಾಧ್ಯವೇ ಇಲ್ಲದಿದ್ದಲ್ಲಿ ಕಾಯಿದೆಯು ಕ್ಷಮಿಸುತ್ತದೆ, ನಿಜ. ಆದರೆ ಹಾಲಿಗೆಂದು ಹೊರಟ ಹುಡುಗನಿಗೆ ಆ ಗುಂಡು ತಗುಲಿದರೆ, ಹೊಡೆದವನ ಮನಸ್ಸು ಅವನನ್ನು ಕ್ಷಮಿಸುವುದೆ?

ಗುಂಡಿನ ಸಂಖ್ಯೆಯಿಂದ ಪರಿಹಾರವಾಗದ ಅಪಾಯಗಳೂ ಉಂಟು. 2025ರ ನವೆಂಬರ್ 19ರಂದು ನಮ್ಮ ನಗರದ ದಕ್ಷಿಣ ಭಾಗದಲ್ಲಿ ಬ್ಯಾಂಕಿನ ಹಣವನ್ನು ಒಯ್ಯುತ್ತಿದ್ದ ವಾಹನವನ್ನು ಹಾಡುಹಗಲಿನಲ್ಲಿ ತಡೆದು ಏಳು ಕೋಟಿಗೂ ಮೇಲ್ಪಟ್ಟ ಹಣವನ್ನು ದೋಚಿದರು. ವಾಹನದೊಡನೆ ಬಂದೂಕು ಹಿಡಿದ ಕಾವಲಿನವರಿದ್ದರು. ಆದರೆ ಬಂದವರು ತಾವು ಸರ್ಕಾರದ ಅಧಿಕಾರಿಗಳೆಂದು ಹೇಳಿಕೊಂಡಿದ್ದರು. ಮಾತಿನಿಂದ ಮೋಸವಾಗುವ ಕಡೆ ಬಂದೂಕು ಏನು ಮಾಡೀತು? ಅಲ್ಲಿ ಬೇಕಾಗಿದ್ದುದು ಇನ್ನೊಂದು ಹಿಡಿ ಗುಂಡಲ್ಲ, ಇನ್ನೊಂದು ಪ್ರಶ್ನೆ.

ಹೆಚ್ಚುವರಿ ಗುಂಡಿಗೆ ಮತ್ತೊಂದು ದೋಷವೂ ಉಂಟು: ಅದು ಮರೆತುಹೋಗುತ್ತದೆ. ಒಂದು ಗುಂಡಿನ ತೂಕ ಹತ್ತು ಗ್ರಾಮಿನ ಆಸುಪಾಸು. ಚೀಲದ ಮೂಲೆಯಲ್ಲಿ ಬಿದ್ದರೆ ಇದೆಯೆಂದು ತಿಳಿಯುವುದೇ ಇಲ್ಲ. ಯಲಹಂಕದ ಮುಂದೆ, ದೇವನಹಳ್ಳಿಯ ಬಳಿ, 2008ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಪರೀಕ್ಷಾಯಂತ್ರವು ಚೀಲದಲ್ಲಿ ಒಂದೇ ಒಂದು ಗುಂಡನ್ನು ತೋರಿಸಿದರೂ ಪ್ರಯಾಣ ನಿಲ್ಲುತ್ತದೆ, ವಿಚಾರಣೆ ನಡೆಯುತ್ತದೆ. ತಿಳಿದು ಇಟ್ಟುಕೊಂಡದ್ದಲ್ಲವೆಂದು ತೋರಿಸಿದವರಿಗೆ ನ್ಯಾಯಾಲಯದಲ್ಲಿ ಬಿಡುಗಡೆ ದೊರೆಯಬಹುದು. ಆದರೆ ಅಷ್ಟರಲ್ಲಿ ಮನುಷ್ಯನು ಸೋತಿರುತ್ತಾನೆ. ಲೆಕ್ಕಕ್ಕೆ ಸಿಗದ ಗುಂಡು ಕಳ್ಳನಿಗಿಂತ ಮೊದಲು ಯಜಮಾನನಿಗೇ ಶತ್ರು.

ಕೊಡಗಿನವರ ಮಾತೇನೆಂದು ತಾವು ಕೇಳಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. 1861ರಲ್ಲಿ ಮೊದಲಾದ ಆ ವಿನಾಯಿತಿಯನ್ನು ಸರ್ಕಾರದವರು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿಯೂ ಲೆಕ್ಕವಿಲ್ಲದೆ ಇಲ್ಲ. ಜಿಲ್ಲೆಯ ಹೊರಗೆ ಸಂಚರಿಸುವಾಗ ಒಂದು ರೈಫಲ್ಲಿಗೆ 100 ಗುಂಡು, ಒಂದು ತೋಟಾಕೋವಿಗೆ 500 ತೋಟಾ ಎಂದು ವಿನಾಯಿತಿಯ ಆಜ್ಞೆಯೇ ಮಿತಿಯನ್ನು ಇಟ್ಟಿತು. ಅದು ಕಾಡು, ಬೇಟೆ, ತೋಟಗಳ ನಾಡಿನ ಲೆಕ್ಕ, ಪೇಟೆಯ ಬೀದಿಯದಲ್ಲ. ಅದಕ್ಕಿಂತ ನಮಗೆ ಹೆಚ್ಚು ಪಾಠ ಹೇಳುವುದು ಅವರ ಆಚಾರ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಶಬ್ದವನ್ನು ಎಣಿಸಿಯೇ ನೆರೆಹೊರೆಗೆ ಸುದ್ದಿ ತಿಳಿಯುತ್ತಿತ್ತು. ಕೋವಿಯೊಡನೆ ತಲೆಮಾರುಗಳಿಂದ ಬಾಳಿದವರು ಪ್ರತಿ ಗುಂಡಿಗೂ ಒಂದು ಅರ್ಥವನ್ನು ಕೊಟ್ಟಿದ್ದಾರೆ. ಎಣಿಕೆಯಿಲ್ಲದೆ ಹಾರಿಸುವುದು ಶೌರ್ಯವೆಂದು ತಿಳಿದಿಲ್ಲ.

ನಾವು ಭಾವನವರಿಗೆ ಹೇಳಿದ ಉತ್ತರ ಇದು. ರಿವಾಲ್ವರಿನಲ್ಲಿ ಆರು. ಹಳೆಯ ಗುಂಡು ಸಿಡಿಯದೆ ಹೋಗುವುದುಂಟು, ಎದುರಾಳಿ ಒಬ್ಬನೇ ಇರಬೇಕೆಂಬ ನಿಯಮವೂ ಇಲ್ಲ. ಆದಕಾರಣ ಮನಸ್ಸಿನ ಸಮಾಧಾನಕ್ಕೆ ಇನ್ನೊಂದಾವೃತ್ತಿ, ಎಂದರೆ ಇನ್ನಾರು. ಅದರ ಮೇಲೆ ಒಂದೂ ಬೇಡ. ಆ ಆರು ಬೆಲ್ಟಿಗೆ ಹೊಲಿದ ಒಂದೇ ಚೀಲದಲ್ಲಿರಲಿ. ಅಂಗಿಯ ಜೇಬಿನಲ್ಲಿ, ಕಾರಿನ ಗೂಡಿನಲ್ಲಿ, ಕೈಚೀಲದಲ್ಲಿ ಬೇಡ. ಮನೆ ಬಿಡುವಾಗ ಎಣಿಸಿ, ಬಂದಮೇಲೆ ಎಣಿಸಿ. ಉಳಿದುದನ್ನು ಮಕ್ಕಳ ಕೈಗೆ ಸಿಗದಂತೆ, ರಿವಾಲ್ವರು ಇರುವ ಕಡೆಯಲ್ಲದೆ ಬೇರೆ ಕಡೆ, ಬೀಗದಲ್ಲಿಡಿ. ಜೇಬಿನಲ್ಲಿ ಹೊರುವ ಇಪ್ಪತ್ತು ಗುಂಡಿಗಿಂತ ಗುರಿಯಭ್ಯಾಸದಲ್ಲಿ ಖರ್ಚಾದ ಇಪ್ಪತ್ತು ಗುಂಡು ನಿಮ್ಮನ್ನು ಹೆಚ್ಚು ಕಾಯುತ್ತದೆ. ಜಾತ್ರೆಗೆ, ಸಭೆಗೆ, ನಮ್ಮ ಕಾಲೇಜಿನ ಅಂಗಳಕ್ಕೆ ಅದನ್ನು ತರುವುದನ್ನು ನಿಯಮವೇ ಒಪ್ಪುವುದಿಲ್ಲ. ಎಲ್ಲಕ್ಕೂ ಮೊದಲು 112ಕ್ಕೆ ಕರೆ ಮಾಡುವ ಅಭ್ಯಾಸವಿರಲಿ.

ಭಾವನವರು ಕೇಳಿ ತಲೆಯಾಡಿಸಿದರು. ಪೂರಾ ಒಪ್ಪಿದಂತೆ ಕಾಣಲಿಲ್ಲ. ಅವರನ್ನು ಒಪ್ಪಿಸಿದುದು ನಮ್ಮ ತರ್ಕವಲ್ಲ. 2024ರ ಲೋಕಸಭಾ ಚುನಾವಣೆ ಬಂದಿತು. ಚುನಾವಣೆಯ ಕಾಲದಲ್ಲಿ ಲೈಸೆನ್ಸುಳ್ಳ ಆಯುಧಗಳನ್ನು ಪೋಲೀಸು ಠಾಣೆಗೆ ಒಪ್ಪಿಸಿಡುವಂತೆ ಆಜ್ಞೆ ಬರುವುದು ವಾಡಿಕೆ. ಭಾವನವರೂ ಒಪ್ಪಿಸಿ ರಸೀತಿ ಪಡೆದರು. ಅಷ್ಟು ವಾರಗಳ ಕಾಲ ಬರಿಗೈಯಲ್ಲಿ ಹೋಗಬೇಕಲ್ಲ! ಆಗ ಉಪಾಯಗಳನ್ನು ಹುಡುಕಿದರು. ಯಲಹಂಕದ ಕಡೆಯಿಂದ ಹೋಗುವ ಇನ್ನಿಬ್ಬರು ಮಂಡಿಯವರನ್ನು ಕೂಡಿಕೊಂಡು ಮೂರು ಗಾಡಿಗಳೂ ಒಟ್ಟಿಗೆ ಹೊರಡುವಂತೆ ಮಾಡಿದರು. ಸಾಧ್ಯವಾದ ಕಡೆಯಲ್ಲೆಲ್ಲ ಹಣವನ್ನು ಫೋನಿನ ಮೂಲಕವೇ ತರಿಸಿಕೊಂಡರು, ಚೀಲ ಹಗುರವಾಯಿತು. ದಿನಕ್ಕೊಂದು ದಾರಿ ಹಿಡಿದರು. ಚುನಾವಣೆ ಮುಗಿಯಿತು, ರಿವಾಲ್ವರು ಹಿಂದಿರುಗಿತು. ಆದರೆ ಈ ರೂಢಿಗಳು ಉಳಿದುವು.

ಆಮೇಲೆ ಒಂದು ದಿನ. ಜೊತೆಯವರು ಊರಿನಲ್ಲಿರಲಿಲ್ಲ, ಭಾವನವರು ಒಬ್ಬರೇ ಹೊರಟಿದ್ದರು. ಹೆಬ್ಬಾಳದ ಮೇಲ್ಸೇತುವೆಯ ಬಳಿ ಗಾಡಿ ನಿಧಾನವಾದಾಗ ಮೋಟಾರು ಸೈಕಲ್ಲೊಂದು ಪಕ್ಕಕ್ಕೆ ಬಂದಿತು. ಹಿಂದೆ ಕುಳಿತವನು ಮುಷ್ಟಿಯಿಂದ ಕಿಟಕಿಯ ಗಾಜನ್ನು ಗುದ್ದತೊಡಗಿದನು. ಭಾವನವರ ಕೈ ಸೊಂಟಕ್ಕೆ ಹೋಯಿತು, ಗುಂಡಿಯನ್ನೂ ಬಿಚ್ಚಿತು. ಅಷ್ಟರಲ್ಲಿ ಅವನು ಬೆರಳಿನಿಂದ ಹಿಂದಿನ ಚಕ್ರವನ್ನು ತೋರಿಸಿದನು. ಗಾಳಿ ಪೂರಾ ಇಳಿದುಹೋಗಿತ್ತು. ಅವರು ಗುಲಾಬಿಯ ಗಂಟುಗಳನ್ನು ಹೂವಿನ ಹರಾಜಿಗೆ ಒಯ್ಯುತ್ತಿದ್ದ ರೈತರು. ಇಳಿದು, ಚಕ್ರವನ್ನು ಬದಲಾಯಿಸಿಕೊಟ್ಟು, ಕೈ ಒರೆಸಿಕೊಂಡು ಹೋದರು.

ಆ ಸಂಜೆ ಭಾವನವರು ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಹೇಳಿದರು: "ಎಷ್ಟು ಗುಂಡು ಬೇಕು ಅಂತ ನಿನ್ನ ಕೇಳಿದ್ದೆನಲ್ಲ. ಇವತ್ತು ಒಂದೇ ಒಂದು ಹಾರಿದ್ದರೂ ಜಾಸ್ತಿಯಾಗಿಹೋಗುತ್ತಿತ್ತಪ್ಪ."

ಅದೇ ಹೆಬ್ಬಾಳದಲ್ಲಿ 2018ರಲ್ಲಿ ವೀರಗಲ್ಲೊಂದು ಬೆಳಕಿಗೆ ಬಂದಿತು, ಸುಮಾರು ಕ್ರಿ. ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಊರಿಗೆ ಕೇಡೊದಗಿದಾಗ ಕಾದಿ ಮಡಿದ ಕಿತ್ತಯನೆಂಬವನ ಹೆಸರು ಅದರಲ್ಲಿದೆ. ಅವನ ಆಯುಧವು ಊರನ್ನು ಕಾಯುವುದಕ್ಕಾಗಿ ಎದ್ದಿತು. ಆದ್ದರಿಂದಲೇ ಅವನ ಹೆಸರು ಕಲ್ಲಿನಲ್ಲಿ ಉಳಿಯಿತು. ನಮ್ಮ ಸೊಂಟದ ಆಯುಧವು ನಮ್ಮೊಬ್ಬರಿಗಾಗಿ. ಅದು ಊರಿನವರ ಮೇಲೆಯೇ ಏಳದಂತೆ ಎಚ್ಚರದಿಂದಿರುವುದು ಅದನ್ನು ಕಟ್ಟಿಕೊಂಡವರ ಮೊದಲ ಹೊಣೆ. ಎಷ್ಟು ಗುಂಡೆಂಬ ಲೆಕ್ಕವು ಆಮೇಲಿನದು. ಅದಕ್ಕೆ ಹನ್ನೆರಡು ಧಾರಾಳವಾಗಿ ಸಾಕು.