ಧಾತು ಒಂದು, ಪ್ರತ್ಯಯ ಹಲವು



ಇಂದು ನಾವು ಕೇಳುವ ಹಾಡುಗಳಲ್ಲಿ ಬಹುಪಾಲು ಕಂಪ್ಯೂಟರಿನಲ್ಲಿ ಹದಗೊಂಡು ಬಂದವು. ಗಾಯಕರ ದನಿ ಅಲ್ಲಿ ಅಂಕಿಗಳ ಸಾಲಾಗುತ್ತದೆ; ಸಿ.ಡಿ.ಯ ಲೆಕ್ಕದಲ್ಲಿ ಎಡಕ್ಕೂ ಬಲಕ್ಕೂ ಸೆಕೆಂಡಿಗೆ ತಲಾ 44,100 ಅಂಕಿಗಳು. ಈ ಅಂಕಿಗಳನ್ನು ತಿದ್ದಿ ದನಿಗೆ ಗುಡಿಯ ಪ್ರಾಕಾರದ ಅನುರಣನವನ್ನು ಕೊಡುವ, ಒರಟನ್ನು ಕಳೆಯುವ, ಎದುರಿಗಿಲ್ಲದ ಪಿಟೀಲನ್ನು ನುಡಿಸುವ ಕಿರುತಂತ್ರಾಂಶಗಳುಂಟು. ಅವಕ್ಕೆ ಪ್ಲಗಿನ್ ಎಂದು ಹೆಸರು.

ಪ್ಲಗಿನ್ನುಗಳು ಬಹುಮಟ್ಟಿಗೆ ಸ್ವತಂತ್ರವಾಗಿ ನಡೆಯುವುದಿಲ್ಲ. ದೊಡ್ಡದೊಂದು ಧ್ವನಿಮುದ್ರಣ ತಂತ್ರಾಂಶದ ಆಶ್ರಯ ಬೇಕು. ಒಬ್ಬೊಬ್ಬ ಆಶ್ರಯದಾತನ ಕಟ್ಟಳೆ ಒಂದೊಂದು ಬಗೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ವಿ.ಎಸ್.ಟಿ. ಎಂಬ ಕಟ್ಟಳೆಯನ್ನು ತಂದಿತು. ಆಪಲ್ ಸಂಸ್ಥೆಯದು ಆಡಿಯೊ ಯೂನಿಟ್ಸ್. ಪ್ರೊ ಟೂಲ್ಸಿನದು ಎ.ಎ.ಎಕ್ಸ್. 2022ರಲ್ಲಿ ಕ್ಲ್ಯಾಪ್ ಎಂಬ ಮುಕ್ತ ಕಟ್ಟಳೆಯೂ ಬಂದಿತು. ಇವುಗಳ ಮೇಲೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಭೇದಗಳು ಬೇರೆ.

ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ‘ಮಾಡು’ ಎಂಬ ಧಾತು ಒಂದೇ. ಮಾಡಿದನು, ಮಾಡಿದಳು, ಮಾಡಿದರು ಎಂಬಲ್ಲಿ ಪ್ರತ್ಯಯ ಬೇರೆ. ಜಾಣ ತಂತ್ರಜ್ಞನು ನಾದದ ಗಣಿತವನ್ನು ಧಾತುವಿನಂತೆ ಪ್ರತ್ಯೇಕವಾಗಿಟ್ಟು, ಆಯಾ ಕಟ್ಟಳೆಯನ್ನು ಪ್ರತ್ಯಯದಂತೆ ಹೊರಗೆ ಹಚ್ಚುತ್ತಾನೆ. ಹೀಗೆ ಹಚ್ಚುವುದಕ್ಕೆ ಜ್ಯೂಸ್ ಎಂಬ ಸಿದ್ಧ ಸಾಮಗ್ರಿಯೂ ಉಂಟು. ಆದರೆ ಹಚ್ಚಿದ ಮಾತ್ರಕ್ಕೆ ಪದ ಸಾಧುವಾಗದು. ಒಂದೊಂದು ಆಶ್ರಯದಲ್ಲಿಯೂ ಇಟ್ಟು ಪರೀಕ್ಷಿಸಲೇಬೇಕು.

ಏಕೆಂದರೆ ಇಲ್ಲಿ ಕಾಲದ ನಿಯಮ ಬಲು ಬಿಗಿ. ಅಂಕಿಗಳು ಕಂತುಕಂತಾಗಿ ಬರುತ್ತವೆ. 64 ಅಂಕಿಗಳ ಕಂತಾದರೆ, ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದೂವರೆ ಭಾಗ ಕಳೆಯುವುದರೊಳಗೆ ಕೆಲಸ ಮುಗಿಯಬೇಕು. ತಡವಾದರೆ ಹಾಡಿನ ನಡುವೆ ‘ಟಪ್’ ಎಂದು ಸದ್ದು! ಆದುದರಿಂದ ಆ ಗಳಿಗೆಯಲ್ಲಿ ಕಡತವನ್ನು ಓದುವುದಾಗಲಿ ಹೊಸ ಸ್ಮೃತಿಸ್ಥಳವನ್ನು ಬೇಡುವುದಾಗಲಿ ಸಲ್ಲದು. ಕೆಲವು ಆಶ್ರಯದಾತರು ಒಂದೇ ಗಾತ್ರದ ಕಂತುಗಳನ್ನು ಕೊಡುತ್ತಾರೆ. ಕೆಲವರು ನಡುನಡುವೆ ಗಾತ್ರವನ್ನು ಬದಲಿಸುತ್ತಾರೆ. ಒಂದೆಡೆ ಸೊಗಸಾಗಿ ನಡೆದದ್ದು ಇನ್ನೊಂದೆಡೆ ಮುಗ್ಗರಿಸುವುದು ಹೀಗೆಯೇ.

ಇದು ಬರಿಯ ಯಂತ್ರಜ್ಞರ ತಲೆನೋವೆಂದು ತಿಳಿಯಬೇಡಿ. ಹಾಡಿನ ಕಡತದಲ್ಲಿ ಪ್ಲಗಿನ್ನಿನ ಹೆಸರೂ ಅದರ ಗುಂಡಿಗಳ ಸ್ಥಾನವೂ ಮಾತ್ರ ಉಳಿದಿರುತ್ತವೆ; ಪ್ಲಗಿನ್ನು ಅದರೊಳಗೆ ಇರುವುದಿಲ್ಲ. 2018ರಲ್ಲಿ ವಿ.ಎಸ್.ಟಿ.ಯ ಎರಡನೆಯ ಆವೃತ್ತಿಗೆ ಹೊಸ ಪರವಾನಗಿ ನಿಂತಿತು. 2019ರ ಮ್ಯಾಕ್ ಆವೃತ್ತಿ 32 ಬಿಟ್ಟಿನ ಹಳೆಯ ತಂತ್ರಾಂಶಗಳನ್ನು ಕೈಬಿಟ್ಟಿತು. 2020ರಲ್ಲಿ ಆಪಲ್ ತನ್ನ ಯಂತ್ರಗಳ ಸಂಸ್ಕಾರಕವನ್ನೇ ಬದಲಿಸತೊಡಗಿತು. ಒಬ್ಬನೇ ಕುಳಿತು ಪ್ಲಗಿನ್ ರಚಿಸಿದವನು ಪ್ರತಿ ಸಲವೂ ಅದನ್ನು ಹೊಸ ನೆಲಕ್ಕೆ ಒಗ್ಗಿಸಬೇಕು. ಅವನು ಸೋತು ಕೈಬಿಟ್ಟರೆ, ಅದನ್ನು ನಂಬಿ ಕಟ್ಟಿದ ಹಾಡು ಹೊಸ ಯಂತ್ರದಲ್ಲಿ ತೆರೆದಾಗ ಆ ವಾದ್ಯದ ಪಾಲಿಗೆ ಮೌನವೇ ಗತಿ.

ಆದಕಾರಣ ರಚಿಸುವವರು ಒಮ್ಮೆ ಗುಂಡಿಗೆ ಕೊಟ್ಟ ಗುರುತನ್ನು ಬದಲಿಸಬಾರದು. ಹಾಡು ಕಟ್ಟುವವರು ಕಡತದ ಜತೆಗೆ ಒಂದೊಂದು ವಾದ್ಯದ ಹದಗೊಂಡ ನಾದವನ್ನೂ ಸಾದಾ ಧ್ವನಿಕಡತವಾಗಿ ತೆಗೆದಿಡುವುದು ಒಳ್ಳೆಯದು. ನಮ್ಮ ಮನೆಯ ಮಕ್ಕಳೂ ಈಗ ಕಂಪ್ಯೂಟರಿನಲ್ಲಿ ರಾಗ ಹೆಣೆಯುತ್ತಾರಷ್ಟೆ. ಅವರಿಗೆ ಇಷ್ಟನ್ನು ಹೇಳಿಕೊಟ್ಟರೆ ಇಂದು ಹೆಣೆದುದು ಇಪ್ಪತ್ತು ವರ್ಷಗಳ ಮೇಲೂ ಕೇಳಿಸೀತು.