ರಕ್ತ ಬಾರದ ಗಾಯವೂ ಗಾಯವೇ
(ತೋಟದ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಲೈನು ಮನೆ ತೋಟದ್ದು. ಗಿಡ ತೋಟದ್ದು. ನಮ್ಮದೆಂದು ಹೇಳಿಕೊಳ್ಳಲು ನಮಗಿರುವುದು ಎರಡು ಕೈಗಳು. ಆದಕಾರಣ ಈ ಹೊತ್ತು ಕೈಯ ವಿಷಯವನ್ನೇ ಮಾತನಾಡೋಣ. ನಾವು ಡಾಕ್ಟರರಲ್ಲ. ಡಾಕ್ಟರರಿಂದ ಕೇಳಿ ತಿಳಿದದ್ದನ್ನೂ ಸಂಘದ ಕೆಲಸದಲ್ಲಿ ಕಂಡದ್ದನ್ನೂ ಕೂಡಿಸಿ ಹೇಳುತ್ತೇವೆ.

ಕೈಗೆ ಬರುವ ಕಷ್ಟ ಎರಡು ಬಗೆ. ಒಂದು ರಕ್ತ ಬರುವುದು. ಅದನ್ನು ಎಲ್ಲರೂ ನೋಡುತ್ತಾರೆ. ಇನ್ನೊಂದು ರಕ್ತ ಬಾರದ್ದು. ಅದನ್ನು ಯಾರೂ ನೋಡುವುದಿಲ್ಲ, ನಾವೂ ಹೇಳುವುದಿಲ್ಲ. ಹೇಳಿದರೆ ಕಿಲೋ ಕಡಿಮೆಯಾದೀತು, ಮೇಸ್ತ್ರಿ ಏನೆಂದಾರೋ ಎಂಬ ಹೆದರಿಕೆ.

ಮೊದಲು ರಕ್ತದ ಗಾಯ. ಗಿಡ ಸವರುವ ಕತ್ತಿ ತಗಲಿದರೆ ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ಹತ್ತು ನಿಮಿಷ ಬಟ್ಟೆ ಎತ್ತಿ ನೋಡಬೇಡಿ. ಕಾಫಿಪುಡಿ, ಸುಣ್ಣ, ಬೂದಿ ಹಾಕಬೇಡಿ. ಬಳಿಕ ಒಂದೊಂದೇ ಬೆರಳನ್ನು ಮಡಿಸಿ, ಚಾಚಿ ನೋಡಿ. ಬೆರಳು ಆಡದಿದ್ದರೆ, ತುದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಗಾಯ ಎಷ್ಟೇ ಸಣ್ಣದಾಗಿರಲಿ, ಒಳಗೆ ನರವೋ ಬೆರಳಾಡಿಸುವ ಹುರಿಯೋ ತುಂಡಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯುವಿನ ಸೂಜಿಯನ್ನೂ ಕೇಳಿ.

ಫ್ಯಾಕ್ಟರಿಯ ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ಆ ತುಂಡನ್ನು ಎಸೆಯಬೇಡಿ. ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. 108ಕ್ಕೆ ಫೋನು ಮಾಡಿ, ಗಾಯಾಳುವಿನ ಜೊತೆಯಲ್ಲೇ ಅದನ್ನೂ ಕಳುಹಿಸಿ.

ಮಳೆಗಾಲದಲ್ಲಿ ಇಳಿಜಾರಿನಲ್ಲಿ ಜಾರಿದರೆ ಮೊದಲು ನೆಲಕ್ಕೆ ಊರುವುದು ಅಂಗೈ. ಮಣಿಕಟ್ಟಿನ ಮೇಲಿನ ಮೂಳೆ ಮುರಿಯುವುದು ಹೀಗೆಯೇ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಹಲಗೆಯನ್ನೋ ಮಡಿಸಿದ ಪೇಪರನ್ನೋ ಆಧಾರ ಕೊಟ್ಟು, ಟವೆಲಿನಿಂದ ಕೊರಳಿಗೆ ತೂಗುಹಾಕಿ, ಎಕ್ಸ್‌ರೇಗೆ ಕರೆದೊಯ್ಯಿರಿ. ಬಿದಿರ ಪಟ್ಟಿಯಿಟ್ಟು ಬಿಗಿಯಾಗಿ ಕಟ್ಟಿಸಿದ ಕೈಯಲ್ಲಿ ನೋವು ಏರುತ್ತಾ ಬೆರಳು ತಣ್ಣಗಾದರೆ, ನೀಲಿಯಾದರೆ, ಕಟ್ಟನ್ನು ಆಗಲೇ ಸಡಿಲಿಸಿ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಎನ್ನಬೇಡಿ. ರಕ್ತ ಕಾಣದ ಮಾಂಸ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ; ಕೈ ಹಕ್ಕಿಯ ಉಗುರಿನಂತೆ ಮುದುಡಿ ಜನ್ಮಪೂರ್ತಿ ಹಾಗೆಯೇ ಉಳಿಯುತ್ತದೆ. ಜರ್ಮನಿಯ ಫೋಕ್‌ಮಾನ್ ಎಂಬ ವೈದ್ಯರು ಇದನ್ನು 1881ರಲ್ಲೇ ಬರೆದಿಟ್ಟರು.

ಇನ್ನು ರಕ್ತ ಬಾರದ್ದು. ನಮ್ಮ ತಾಯಂದಿರು ಇದನ್ನು ಲಕ್ಷ್ಯವಿಟ್ಟು ಕೇಳಬೇಕು. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ಸುರಂಗ ಉಂಟು. ಬೆರಳು ಮಡಿಸುವ ಒಂಬತ್ತು ಹುರಿಗಳೂ ಒಂದು ನರವೂ ಅದರೊಳಗೇ ಹಾದುಹೋಗುತ್ತವೆ. ಒಳಗೆ ಊತ ಬಂದರೆ ನರ ಅದುಮಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ನಡುರಾತ್ರಿ ಎದ್ದು ಕೈ ಕೊಡವಿದರೆ ಹಾಯೆನಿಸುತ್ತದೆ. ಡಾಕ್ಟರರು ಇದನ್ನು ಕಾರ್ಪಲ್ ಟನಲ್ ಎನ್ನುತ್ತಾರೆ. ಹೆಂಗಸರಿಗೆ ಹೆಚ್ಚು, ಬಸುರಿಯರಿಗೆ, ಸಕ್ಕರೆ ಕಾಯಿಲೆ, ಥೈರಾಯಿಡ್ ಇದ್ದವರಿಗೆ ಇನ್ನೂ ಹೆಚ್ಚು. ಮೊದಲಲ್ಲೇ ತೋರಿಸಿದರೆ ರಾತ್ರಿ ಮಣಿಕಟ್ಟು ನೆಟ್ಟಗಿರಿಸುವ ಪಟ್ಟಿಯಿಂದಲೇ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟರೆ ಹೆಬ್ಬೆರಳ ಬುಡದ ಮಾಂಸ ಕರಗುತ್ತದೆ, ರವಿಕೆಯ ಗುಂಡಿ ಹಾಕಲೂ ಆಗುವುದಿಲ್ಲ. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದರೂ ಹೋದ ಬಲ ಪೂರ್ತಿ ಬಾರದೆ ಇರಬಹುದು.

ಚಿಗುರು ಕತ್ತರಿಸುವ ಕತ್ತರಿ ಹಿಡಿದವರಿಗೆ, ಕೂಸನ್ನು ಎತ್ತುವ ತಾಯಿಗೆ ಹೆಬ್ಬೆರಳ ಕಡೆಯ ಮಣಿಕಟ್ಟು ನೋಯುವುದುಂಟು. ಕತ್ತಿ ಬೀಸುವವರಿಗೆ ಮೊಣಕೈಯ ಹೊರಮಗ್ಗುಲು ನೋಯುತ್ತದೆ. ಕೆಲವರ ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡು, ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಇವೆಲ್ಲಕ್ಕೂ ಚಿಕಿತ್ಸೆ ಉಂಟು. ಚರ್ಮದಲ್ಲಿ ಸ್ಪರ್ಶವಿಲ್ಲದ ಬಿಳಿಚು ಮಚ್ಚೆಯಿದ್ದು, ಕಿರುಬೆರಳು ಬಾಗುತ್ತಾ ಬಂದರೆ ಕುಷ್ಠವೋ ಎಂದು ಪರೀಕ್ಷೆ ಮಾಡಿಸಿ. ನಾಚಿಕೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ.

ಗಂಡಸರಿಗೆ ಒಂದು ಮಾತು. ದಿನವೆಲ್ಲ ಚಿಗುರು ಕೊಯ್ದ ಕೈ ಮನೆಗೆ ಬಂದು ನೀರು ಹೊರುತ್ತದೆ, ಬಟ್ಟೆ ಹಿಂಡುತ್ತದೆ. ಆ ಕೈಗೆ ವಿರಾಮವೆಲ್ಲಿ? ಕೊಡ ನೀವು ಹೊರಿರಿ, ಬಟ್ಟೆ ನೀವು ಹಿಂಡಿರಿ. ಇದೂ ಔಷಧವೇ.

ಕಾನೂನು ಕೈಗೆ ಬೆಲೆ ಕಟ್ಟಿದೆ. ಕೆಲಸದಲ್ಲಿ ಗಾಯಗೊಂಡವರ ಪರಿಹಾರಕ್ಕೆಂದು 1923ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ, ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತೆಂದು ಲೆಕ್ಕವಿತ್ತು; ತೋರುಬೆರಳು ಪೂರ್ತಿ ಹೋದರೆ 14. ಸಂಸತ್ತು 2020ರಲ್ಲಿ ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇಂಥ ಪಟ್ಟಿ ಉಂಟು. ತುಂಡಾದ ಬೆರಳು ತಾನೇ ಸಾಕ್ಷಿ ಹೇಳುತ್ತದೆ. ಬೆರಳಿದ್ದೂ ಬಲ ಹೋದರೆ ಸಾಕ್ಷಿ ಹೇಳಲು ಕಾಗದ ಬೇಕು. ಆದಕಾರಣ ನೋವು ಶುರುವಾದಾಗಲೇ ಡಿಸ್ಪೆನ್ಸರಿಗೆ ಹೋಗಿ, ತಾರೀಕು ಹಾಕಿಸಿ, ಯಾವ ಕೆಲಸದಿಂದ ಬಂತೆಂದು ಬರೆಸಿ, ಚೀಟಿಯನ್ನು ಜೋಪಾನವಾಗಿಡಿ. ಕೆಲಸದಲ್ಲಿ ಬಿದ್ದದ್ದನ್ನು ಮನೆಯಲ್ಲಿ ಬಿದ್ದೆನೆಂದು ಹೇಳಲು ಯಾರು ಹೇಳಿದರೂ ಒಪ್ಪಬೇಡಿ.

ಲೂಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಬಲಗೈ ಬತ್ತಿದವನೊಬ್ಬನಿದ್ದಾನೆ. ಕರ್ತನು ಅವನನ್ನು ಎಲ್ಲರ ನಡುವೆ ನಿಲ್ಲಿಸಿ, ಕೈ ಚಾಚಲು ಹೇಳಿದನು. ಸೆರಗಿನೊಳಗೆ ಮುಚ್ಚಿಟ್ಟ ಕೈಯನ್ನು ನಾವೂ ಹೊರಗೆ ಚಾಚೋಣ. ರಾತ್ರಿ ಜೋಮು ಹಿಡಿಯುವವರು ಈ ಕೂಟ ಮುಗಿದ ಮೇಲೆ ನಿಂತು ಹೆಸರು ಬರೆಸಿರಿ. ಆಸ್ಪತ್ರೆಗೆ ಒಟ್ಟಾಗಿಯೇ ಹೋಗೋಣ. ಹತ್ತು ಮಂದಿ ಕೂಡಿ ಹೋದರೆ ಒಬ್ಬೊಬ್ಬರ ಹೆದರಿಕೆ ತಾನಾಗಿಯೇ ಇಳಿಯುತ್ತದೆ.